ಗುರುಬಸಮ್ಮನ ಕದ ಬಿದ್ದ ಮಳೆಗಾಲ

ಹೋದ ತಿಂಗಳು ಜೇವರ್ಗಿಯಲ್ಲಿ ಒಬ್ಬರ ಮನೆಗೆ ಕಪಾಟಿನ ಅಳತೆ ತೆಗೆಯಲು ಹೋಗಿದ್ದೆ. ಹೊರಗೆ ಜಿಟಿಜಿಟಿ ಮಳೆ. ಆ ಮನೆಯಾಕೆ ಹಳೆಯದೊಂದು ಸಾಗವಾನಿ ಮೇಜಿನ ಮೇಲೆ ಮಗಳ ಶಾಲೆಯ ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು. ಅಂಗಿ ಇನ್ನೂ ಹಸಿಯಾಗಿತ್ತು. ಪೆಟ್ಟಿಗೆ ಇಟ್ಟೊಡನೆ ಚುಂಯ್ ಎಂದು ಹಬೆ ಎದ್ದಿತು, ಅದರ ಜೊತೆಗೆ ಅಡಿಯ ಕಟ್ಟಿಗೆಯ ವಾಸನೆಯೂ ಎದ್ದಿತು. ಹಳೆಯ ಸಾಗವಾನಿ ಹಬೆ ಕುಡಿದಾಗ ಬಿಡುವ ವಾಸನೆ ಅದು, ಸ್ವಲ್ಪ ಎಣ್ಣೆಯದು, ಸ್ವಲ್ಪ ಹೊಸ ಚಪ್ಪಲಿಯದು. ಟೇಪು ಹಿಡಿದ ನನ್ನ ಕೈ ಹಾಗೆಯೇ ನಿಂತುಬಿಟ್ಟಿತು.

"ಯಾಕ ಬೇ, ಏನಾತು?" ಅಂದರು ಆಕೆ.

"ಏನಿಲ್ರಿ, ಕಟ್ಟಗಿ ವಾಸನಿ ಬಂತು," ಎಂದೆ. ಅದಕ್ಕಿಂತ ಹೆಚ್ಚು ಹೇಳಲು ಹೊರಟಿದ್ದರೆ ಅವರ ಅಂಗಿ ಸುಟ್ಟುಹೋಗುತ್ತಿತ್ತು.

ಅದು ನನಗೆ ಇಪ್ಪತ್ತಮೂರು ವರ್ಷವಾಗಿದ್ದಾಗಿನ ಮಳೆಗಾಲ. ಅಪ್ಪ ಮೋನಪ್ಪ ಜೇವರ್ಗಿಯ ಹಳೆಯ ಬಡಿಗ. ನಮ್ಮ ಮನೆಯ ಮುಂದಿನ ತಗಡಿನ ಶೆಡ್ಡೇ ಅಂಗಡಿ. ನಾನು ಪಿಯುಸಿ ಮುಗಿಸಿ ಮನೆಯಲ್ಲಿ ಕೂತಾಗಿನಿಂದ ಅಪ್ಪನ ಎದುರಿಗೆ ಕರಗಸದ ಇನ್ನೊಂದು ತುದಿ ಹಿಡಿಯುತ್ತಿದ್ದೆ. ಬರಬರುತ್ತ ಉಳಿ ಹಿಡಿದೆ, ಕೆತ್ತನೆ ಕಲಿತೆ. ಆದರೆ ಗಿರಾಕಿ ಬಂದಾಗ ನಾನು ಚಹಾ ತರುವವಳು. ನಾನು ಕೆತ್ತಿದ್ದನ್ನೂ ಜನ "ಮೋನಪ್ಪನ ಕೈ" ಎಂದೇ ಹೊಗಳುತ್ತಿದ್ದರು.

ಆ ವರ್ಷ ಅಪ್ಪನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕಲಬುರಗಿಯಲ್ಲಿ ಒಂದು ಕಣ್ಣಿನ ಆಪರೇಷನ್ ಆಯಿತು. ಇನ್ನೊಂದು ಕಣ್ಣಿಗೆ ಎರಡು ತಿಂಗಳ ಮೇಲೆ ಬರಬೇಕು, ಅಲ್ಲಿಯವರೆಗೆ ಧೂಳಿನ ಹತ್ತಿರ ಸುಳಿಯಬಾರದು ಎಂದಿದ್ದರು ಡಾಕ್ಟರು. ಕರಿ ಕನ್ನಡಕ ಹಾಕಿಕೊಂಡು ಅಪ್ಪ ಒಳಗಿನ ಖೋಲಿಯಲ್ಲಿ ಕೂತರು. ಅಂಗಡಿಯನ್ನು ಟೈಲ್ಸ್ ಇಡುವವರಿಗೆ ಬಾಡಿಗೆಗೆ ಕೊಟ್ಟುಬಿಡು ಎಂದು ನೆಂಟರು ದಿನಾ ಬಂದು ಹೇಳತೊಡಗಿದರು. ಅಪ್ಪ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಅವರ ಆ ಮೌನಕ್ಕೇ ನನಗೆ ಹೆದರಿಕೆ.

ಮನೆಯಲ್ಲಿ ಉಳಿದಿದ್ದ ಕೆಲಸ ಒಂದೇ. ಅದು ಗುರುಬಸಮ್ಮನವರ ತಲಬಾಗಿಲು.

ಗುರುಬಸಮ್ಮ ಸರ್ಕಾರಿ ದವಾಖಾನೆಯಲ್ಲಿ ನರ್ಸ್ ಆಗಿ ಜೇವರ್ಗಿ, ಅಫಜಲಪುರ, ಆಳಂದ, ನರೋಣಾ, ಕಡೆಗೆ ಮತ್ತೆ ಜೇವರ್ಗಿ ಎಂದು ಊರೂರು ತಿರುಗಿ ನಿವೃತ್ತರಾದವರು. ನಾವೆಲ್ಲ ಸಿಸ್ಟರಮ್ಮ ಎನ್ನುತ್ತಿದ್ದೆವು. ನಾನು ಹುಟ್ಟಿದಾಗ ನನ್ನ ಹೊಕ್ಕುಳಬಳ್ಳಿ ಕತ್ತರಿಸಿದವರೂ ಅವರೇ ಎಂದು ಅವ್ವ ಹೇಳುತ್ತಿದ್ದಳು. ಸಿಸ್ಟರಮ್ಮನಿಗೆ ಮದುವೆಯಾಗಿರಲಿಲ್ಲ. ಮೂವತ್ತು ಚಿಲ್ಲರೆ ವರ್ಷ ಬಾಡಿಗೆ ಖೋಲಿಗಳಲ್ಲೇ ಕಳೆದು, ಈಗ ತವರೂರು ಇಜೇರಿಯಲ್ಲಿ ತಮ್ಮದೇ ಒಂದು ಮನೆ ಕಟ್ಟಿಸುತ್ತಿದ್ದರು. ಅಫಜಲಪುರದಲ್ಲಿದ್ದಾಗ ಯಾರೋ ಹಳೆಯ ದೊಡ್ಡ ವಾಡೆ ಮನೆ ಕೆಡವಿದ್ದರಂತೆ. ಅಲ್ಲಿಯ ಸಾಗವಾನಿ ತೊಲೆಯೊಂದನ್ನು ಕೊಂಡು, ಹಲಗೆ ಕೊಯ್ಸಿ, ಮಂಚದ ಕೆಳಗೆ ಇಟ್ಟುಕೊಂಡಿದ್ದರು. ವರ್ಗವಾದಾಗಲೆಲ್ಲ ಪಾತ್ರೆಪಡಗದ ಜೊತೆ ಆ ಹಲಗೆಗಳೂ ಗಾಡಿ ಏರುತ್ತಿದ್ದವು.

ಚೌಕಟ್ಟನ್ನು ಆಪರೇಷನ್ನಿಗಿಂತ ಮೊದಲೇ ಅಪ್ಪ ಮಾಡಿಕೊಟ್ಟಿದ್ದರು, ಅದು ಗೋಡೆಯಲ್ಲಿ ಕೂತಾಗಿತ್ತು. ಕದಗಳು ಬಾಕಿ. ಮನೆ ಕಟ್ಟುತ್ತಿದ್ದ ಗೌಂಡಿ ಹಣಮಂತ, "ರೆಡಿಮೇಡ್ ಕದ ತಂದು ಕೂಡಸೋಣ್ರಿ" ಎಂದಿದ್ದ. ಸಿಸ್ಟರಮ್ಮ ನಮ್ಮ ಮನೆಗೆ ಬಂದು, ಒಳಗೆ ಕೂತಿದ್ದ ಅಪ್ಪನ ಹತ್ತಿರ ಹೋಗದೆ, ಸೀದಾ ನನ್ನ ಮುಂದೆ ನಿಂತರು.

"ನಿನ್ನ ಕಡಿಂದ ಆಗ್ತದೇನ್ ಬೇ?"

"ಆಗ್ತದ್ರಿ," ಎಂದೆ. ಅಷ್ಟು ಜೋರಾಗಿ ಹೇಳಿದ್ದಕ್ಕೆ ನನಗೇ ಗಾಬರಿಯಾಯಿತು.

ಒಂದು ತಿಂಗಳು ಮೈಮರೆತು ದುಡಿದೆ. ಏಳಡಿ ಎತ್ತರದ ಜೋಡಿ ಕದ. ಒಂದೊಂದರ ನಡುವಿನ ಹಲಗೆಯ ಮೇಲೆ ಒಂದೊಂದು ತೊಗರಿ ಗೊಂಚಲು, ಹೂವು ಕಾಯಿ ಎಲೆ ಸಮೇತ. ಆ ಸಲ ಮಳೆ ಹಿಡಿದದ್ದು ಬಿಡಲಿಲ್ಲ. ಹೊಲಗಳಲ್ಲಿ ಎಳೆ ತೊಗರಿ ಮೊಣಕಾಲೆತ್ತರ ನಿಂತಿತ್ತು. ಎರೆಮಣ್ಣು ಚಪ್ಪಲಿಗೆ ಮೆತ್ತಿ ಒಂದೊಂದು ಕಾಲು ಎರಡೆರಡು ಸೇರು ತೂಗುತ್ತಿತ್ತು. ತಗಡಿನ ಮೇಲೆ ಮಳೆ ಬಡಿಯುವಾಗ ಹಲಗೆ ನಯ ಮಾಡಲು ರಂದಾ ಹೊಡೆದರೆ ಅದರ ಸದ್ದೇ ಕೇಳುತ್ತಿರಲಿಲ್ಲ, ಸುರುಳಿ ಸುರುಳಿ ಕಟ್ಟಿಗೆಯ ಹೊಪ್ಪಳಿಕೆ ಬೀಳುವುದಷ್ಟೇ ಕಾಣುತ್ತಿತ್ತು.

ಸಿಸ್ಟರಮ್ಮನ ಹೊಸ ಮನೆಯ ಪ್ರವೇಶದ ಮನೆಶಾಂತಿಗೆ ಒಂಬತ್ತು ದಿನ ಇರುವಾಗ ಕೆಲಸ ಮುಗಿಯಿತು. ಪಾಲಿಶ್ ಮತ್ತು ಚಿಲಕ ಬಾಕಿ. ಕದವನ್ನು ಇಬ್ಬರು ಹಿಡಿದು ತಿರುಗಿಸಬೇಕು ಎಂಬುದು ಅಪ್ಪನ ಮೊದಲ ಪಾಠ. ಅವ್ವ ಒಳಗೇ ರೊಟ್ಟಿ ಬಡಿಯುತ್ತಿದ್ದಳು, ಕರೆದರೆ ಬರುತ್ತಿದ್ದಳು. ನಾನು ಕರೆಯಲಿಲ್ಲ. ಮೊಬೈಲನ್ನು ಡಬ್ಬಿಯೊಂದಕ್ಕೆ ಒರಗಿಸಿ ವಿಡಿಯೋ ಹಚ್ಚಿದೆ. ಒಬ್ಬಳೇ ಏಳಡಿ ಕದ ಎತ್ತಿ ತಿರುಗಿಸುವುದನ್ನು ಓದುವಾಗಿನ ಗೆಳತಿಯರಿಗೆ ಕಳಿಸಬೇಕಿತ್ತು. ಬಲಗದ ಎತ್ತಿದೆ, ಅರ್ಧ ತಿರುಗಿಸಿದೆ, ಕ್ಯಾಮೆರಾ ನೋಡಿ ನಕ್ಕೆ. ಕಾಲಡಿಯ ಹಸಿ ಹೊಪ್ಪಳಿಕೆ ಜಾರಿತು.

ಕದ ಶಹಾಬಾದಿ ಪರ್ಸಿಕಲ್ಲಿನ ನೆಲದ ಮೇಲೆ, ನಾನೇ ಚೆಲ್ಲಿಟ್ಟಿದ್ದ ಸುತ್ತಿಗೆ ಉಳಿಗಳ ಮೇಲೆ, ಮುಖ ಕೆಳಗಾಗಿ ಬಿತ್ತು.

"ಏನ ಬಿತ್ತು?" ಒಳಗಿಂದ ಅಪ್ಪ ಕೇಳಿದರು.

"ಏನಿಲ್ಲಪ್ಪ, ಹಲಗಿ."

ಒಳಗೆ ಅಪ್ಪನ ಮಂಚ ಕಿರುಗುಟ್ಟಿತು. ಆಮೇಲೆ, "ಅದು ಹಲಗಿ ಬಿದ್ದ ಸಪ್ಪಳ ಅಲ್ಲ. ಜೋಡಿಸಿದ ಕದ ಬಿದ್ದ ಸಪ್ಪಳ."

ಅವ್ವ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಇಬ್ಬರೂ ಸೇರಿ ಕದ ಎತ್ತಿ ಮಗ್ಗುಲು ಹೊರಳಿಸಿದೆವು. ಕೆಳಗಿನ ಮೂಲೆ ಮುರಿದು ಬೆರಳುದ್ದ ಹಾರಿಹೋಗಿತ್ತು. ಅಲ್ಲಿಂದ ಹೊರಟ ಸೀಳು ನಡುವಿನ ಹಲಗೆಗೂ ಹತ್ತಿ, ತೊಗರಿ ಗೊಂಚಲಿನ ಮಧ್ಯೆ ಹಾದು, ಮೊಳದುದ್ದ ಓಡಿತ್ತು. ಸುತ್ತಿಗೆ ಬಡಿದಲ್ಲಿ ಅರ್ಧಚಂದ್ರದಂಥ ನಾಲ್ಕು ತಗ್ಗು. ಅವ್ವ ಕಸಬರಿಗೆ ತರಲು ತಿರುಗಿದಳು.

"ಕಸಬರಗಿ ಮುಟ್ಟಬ್ಯಾಡ್ರಿ!" ಅಪ್ಪ ಖೋಲಿಯ ಬಾಗಿಲಿಗೆ ಬಂದು ನಿಂತಿದ್ದರು. "ಒಂದೊಂದ ಚಕ್ಕಿ ಆರಿಸಿಕೋ ಕಸ್ತೂರಿ. ಒಂದೂ ಬಿಡಬ್ಯಾಡ."

"ಅಪ್ಪ, ನೀನ ಬಂದು ಒಮ್ಮಿ ನೋಡು."

"ನಾ ಬರಂಗಿಲ್ಲ. ಡಾಕ್ಟರ್ ಬ್ಯಾಡ ಅಂದಾರಂತ ಅಲ್ಲ. ನಾ ಮಗ್ಗಲದಾಗ ನಿಂತರ ನಿನ್ನ ಕೈ ನಡಗ್ತದ." ಅಷ್ಟು ಹೇಳಿ ಒಳಗೆ ಹೋದರು.

ಮೊಣಕಾಲೂರಿ, ಸ್ಟೀಲ್ ತಾಟು ಹಿಡಿದುಕೊಂಡು ನೆಲವೆಲ್ಲ ಬಾಚಿದೆ. ಸೀಳಿನ ಚಕ್ಕೆಗಳು ಸಿಕ್ಕವು. ಮೂಲೆಯ ತುಂಡು ಮಾತ್ರ ಪುಡಿಪುಡಿ. ಅದಕ್ಕೆ ಹೊಸ ತುಂಡು ಕೂಡಿಸಲೇಬೇಕು, ಅದೂ ಅದೇ ಹಲಗೆಯದ್ದಾಗಬೇಕು. ಬೇರೆ ಮರ ತಂದರೆ ಅದರ ಬಣ್ಣ ಬೇರೆ, ಎಳೆ ಬೇರೆ, ಬಿಸಿಲಿಗೆ ಅದು ಹಿಗ್ಗುವ ಲೆಕ್ಕವೂ ಬೇರೆ. ಕತ್ತರಿಸಿ ಉಳಿದ ತುಂಡುಗಳನ್ನೆಲ್ಲ ಸಿಸ್ಟರಮ್ಮ ಇಜೇರಿಗೆ ಒಯ್ದಿದ್ದರು.

ಮರುದಿನ ಬೆಳಿಗ್ಗೆ ಇಜೇರಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಸುಳ್ಳುಗಳನ್ನು ಹೆಣೆದೆ. ಚಿಲಕದ ಹಿಂದೆ ಒಂದು ಪಟ್ಟಿ ಬೇಕು ಎನ್ನಲೇ? ಅಗುಳಿಗೆ ಬೇಕು ಎನ್ನಲೇ? ಬಸ್ಸಿನ ಗಾಜಿನಲ್ಲಿ ಮಳೆ ಇಳಿಯುತ್ತಿತ್ತು, ನನ್ನ ಒಂದೊಂದು ಸುಳ್ಳೂ ಹಾಗೇ ಇಳಿದು ಹೋಯಿತು. ತಮ್ಮ ಮಂಚದ ಕೆಳಗೆ ಆ ಹಲಗೆಗಳನ್ನು ಅಷ್ಟು ವರ್ಷ ಕಾದ ಹೆಂಗಸು. ಅವರ ಮುಂದೆ ನಾಲಿಗೆ ಹೊರಳಲಾರದು ಎಂದು ಊರು ಬರುವಷ್ಟರಲ್ಲಿ ಖಾತ್ರಿಯಾಗಿತ್ತು.

ಸಿಸ್ಟರಮ್ಮ ಹೊಸ ಮನೆಯ ಪಡಸಾಲೆಯಲ್ಲಿ ಬಕೆಟ್ ಬೋರಲು ಹಾಕಿ ಕೂತು ಚಹಾ ಕುಡಿಯುತ್ತಿದ್ದರು. ಹಣಮಂತ ಗೋಡೆಗೆ ಗಿಲಾವು ಮಾಡುತ್ತಿದ್ದ. "ಬಾ ಬೇ ಕಸ್ತೂರಿ, ಬಾಗಲಾ ತಯಾರಾತೇನು?"

ಮೊಬೈಲ್ ತೆಗೆದು ವಿಡಿಯೋ ಹಚ್ಚಿ ಅವರ ಕೈಗೆ ಕೊಟ್ಟೆ. ಹತ್ತು ಸೆಕೆಂಡಿನದ್ದು. ನೋಡಿದರು. ಇನ್ನೊಮ್ಮೆ ಹಚ್ಚಿ ನೋಡಿದರು.

"ನಗಾಕತ್ತಿದ್ದಿ ನೀ."

"ಹೌದ್ರಿ."

"ಒಬ್ಬಾಕೀನ ಯಾಕ ಎತ್ತಿದಿ?"

"ಸೊಕ್ಕಿಗಿರಿ," ಎಂದೆ.

ಸಿಸ್ಟರಮ್ಮ ಎದ್ದು ಖಾಲಿ ಚೌಕಟ್ಟಿನ ಹತ್ತಿರ ಹೋಗಿ ನನಗೆ ಬೆನ್ನು ಮಾಡಿ ನಿಂತರು. ಹೊರಗಿನ ಮಳೆ ನೋಡುತ್ತ, "ಹನ್ನೊಂದು ವರ್ಷ ಅದರ ಮ್ಯಾಲ ಮಲಗೇನಿ ನಾ," ಎಂದರು. ಅವರು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಹಣಮಂತ ಕರಣಿ ಕೆಳಗಿಟ್ಟ. "ನಾ ಅವತ್ತ ಹೇಳಿದ್ದೆ. ಇರಲಿ ಬಿಡ್ರಿ, ಸೀಳಿನಾಗ ಲಾಂಬಿ ಪುಟ್ಟಿ ತುಂಬಿ ಕಪ್ಪ ಪಾಲಿಶ್ ಹೊಡದರ ಮುಗೀತು. ಯಾರಿಗಿ ಗೊತ್ತಾಗ್ತದ?"

"ನನಗ ಗೊತ್ತಲ್ಲ?" ಸಿಸ್ಟರಮ್ಮ ತಿರುಗಿದರು. "ಮ್ಯಾಲ ಪಟ್ಟಿ ಕಟ್ಟಿ ಒಳಗ ಕೀವು ಬಿಡೋ ಕೆಲಸ ನಾ ಒಂದಿನಾನೂ ಮಾಡಿಲ್ಲ ಹಣಮಂತಾ." ಆಮೇಲೆ ನನ್ನ ಕಡೆ ನೋಡಿದರು. ದವಾಖಾನೆಯಲ್ಲಿ ರೋಗಿಯ ಜೊತೆ ಬಂದವರನ್ನು ನೋಡುವ ನೋಟ ಅದು. "ಯಾವಾಗ ಬಿತ್ತು?"

"ನಿನ್ನಿ, ಹನ್ನೊಂದು ಗಂಟಿಗಿರಿ."

"ಮುರದಿದ್ದು ಇಟ್ಟೀಯೇನು?"

"ಚಕ್ಕಿ ಎಲ್ಲಾ ಇಟ್ಟೇನ್ರಿ. ಮೂಲಿ ತುಂಡು ಪುಡಿ ಆಗ್ಯಾದ."

"ಸೀಳಿನಾಗ ಧೂಳು ಹೋಗ್ಯಾದೇನು?"

"ಅರಿವಿ ಸುತ್ತಿ ಬಂದೇನ್ರಿ."

"ಮೊದಲಿನಂಗ ಆಗ್ತದೇನು? ಖರೆ ಹೇಳು."

ಯೋಚಿಸಿದೆ. "ತಗ್ಗು ಏಳ್ತಾವ್ರಿ. ಸೀಳು ಕೂಡತದ. ಮೂಲಿಗಿ ಅದೇ ಹಲಗಿ ತುಂಡು ಸಿಕ್ಕರ, ನಿಮ್ಮ ಬೆರಳಿಗಿ ಗೊತ್ತಾಗದಂಗ ಮಾಡ್ತೇನಿ. ಗೊತ್ತಾದರ ಕದ ನೀವು ತಗೋಬ್ಯಾಡ್ರಿ, ನಾನೂ ಮತ್ತ ಉಳಿ ಹಿಡಿಯಂಗಿಲ್ಲ."

ಆ ಕೊನೆಯ ಮಾತು ಹೇಗೆ ಬಂತೋ ಗೊತ್ತಿಲ್ಲ. ಬಂದ ಮೇಲೆ ಹಿಂದೆ ತೆಗೆದುಕೊಳ್ಳಲಿಲ್ಲ.

ಉಳಿದ ತುಂಡುಗಳನ್ನು ಹುಡುಕಿದರೆ, ಒಂದೆರಡನ್ನು ಯಾರೋ ಒಲೆಗೆ ಹಾಕಿದ್ದರು. ಕೊನೆಗೆ ಒಂದು ಸಿಕ್ಕಿತು. ಹಣಮಂತ ಅದರ ಮೇಲೆಯೇ ನಿಂತು ಗಿಲಾವು ಮಾಡುತ್ತಿದ್ದ! ಸಿಮೆಂಟು ಮೆತ್ತಿ ಬೆಳ್ಳಗಾಗಿದ್ದ ಆ ತುಂಡನ್ನು ತೊಳೆದು, ತುದಿಯನ್ನು ಉಳಿಯಿಂದ ಚೂರು ಕೆರೆದೆ. ಜೇನಿನ ಬಣ್ಣದ ಎಳೆಗಳು ಕಂಡವು. ನನ್ನ ಕದದ್ದೇ ಅಣ್ಣತಮ್ಮ. ಸಿಸ್ಟರಮ್ಮ ಒಂದು ಚೀಲದಲ್ಲಿ ಎರಡು ಸೀರೆ ತುರುಕಿಕೊಂಡು, "ನಡಿ, ನಾನೂ ಬರ್ತೇನಿ" ಎಂದು ನನ್ನ ಜೊತೆಗೇ ಬಸ್ಸು ಹತ್ತಿದರು.

ಮೊದಲು ತಗ್ಗುಗಳ ಕೆಲಸ. ಕಟ್ಟಿಗೆಯ ನಾರು ಕತ್ತರಿಸಿದ್ದರೆ ಅದು ಏಳುವುದಿಲ್ಲ. ಬರೀ ಒತ್ತಿ ಕೂತಿದ್ದರೆ ನೀರು ಕುಡಿಸಿ ಕಾಸಿದರೆ ಹಿಗ್ಗಿ ಮೇಲೆ ಬರುತ್ತದೆ. ಹಳೆಯ ಧೋತರದ ತುಂಡನ್ನು ಒದ್ದೆ ಮಾಡಿ ತಗ್ಗಿನ ಮೇಲೆ ಹಾಸಿ, ಬಿಸಿ ಇಸ್ತ್ರಿ ಪೆಟ್ಟಿಗೆ ಇಟ್ಟೆ. ಚುಂಯ್ ಎಂದಿತು. ಅರಿವೆ ಎತ್ತಿ ನೋಡಿದರೆ ತಗ್ಗು ಅರ್ಧ ತುಂಬಿತ್ತು. ಇನ್ನೊಮ್ಮೆ, ಮತ್ತೊಮ್ಮೆ. ನಾಲ್ಕನೆಯ ಸಲ ಅರಿವೆ ತೆಗೆದಾಗ ಸಿಸ್ಟರಮ್ಮ ಬೆರಳಾಡಿಸಿ, "ಅಯ್ಯ, ಬಾವು ಇಳಿಯೂದು ನೋಡೇನಿ, ತಗ್ಗು ಏಳೂದು ಇದೇ ಮೊದಲ ನೋಡಿದ್ದು!" ಎಂದು ಸಣ್ಣ ಹುಡುಗಿಯ ಹಾಗೆ ನಕ್ಕರು. ಸಂಜೆಯೊಳಗೆ ನಾಲ್ಕೂ ಎದ್ದವು.

ಮರುದಿನ ಕದ ಒಣಗಿದ ಮೇಲೆ ಸೀಳಿನ ಸರದಿ. ಇಲ್ಲಿ ನಾನು ಸೋತೆ. ಸೀಳು ಮೇಲಕ್ಕೆ ಹೋದಂತೆ ಕೂದಲಿನಷ್ಟಾಗಿತ್ತು, ಅಂಟು ಒಳಗೆ ಇಳಿಯಲೊಲ್ಲದು. ಕಡ್ಡಿಯಿಂದ ತಳ್ಳಿದೆ, ದಾರದಿಂದ ಎಳೆದೆ. ಮೇಲೆ ಅಂಟಿತೇ ಹೊರತು ಒಳಗೆ ಹೋಗಲಿಲ್ಲ. ಹಾಗೆಯೇ ಬಿಗಿದರೆ ಮುಂದಿನ ಬೇಸಿಗೆಗೆ ಬಾಯಿ ಬಿಡುವುದು ಖಂಡಿತ. ನಾನು ತಲೆ ಹಿಡಿದು ಕೂತದ್ದನ್ನು ನೋಡಿ ಸಿಸ್ಟರಮ್ಮ ಅಲ್ಲಿಂದ ಎದ್ದು ಹೋದರು. ಬೇಸರವಾಗಿ ಹೋದರು ಎಂದುಕೊಂಡೆ. ಅರ್ಧ ತಾಸಿನಲ್ಲಿ ಔಷಧದ ಅಂಗಡಿಯಿಂದ ಒಂದು ಪೊಟ್ಟಣ ಹಿಡಿದು ಬಂದರು. ಒಳಗೆ ಸಿರಿಂಜು, ಸೂಜಿ.

"ಅಂಟು ತೆಳ್ಳಗ ಮಾಡು. ಸೂಜಿ ನಾ ಹಾಕ್ತೇನಿ, ನೀ ಸೀಳಿನ ಬಾಯಿ ಅಗಲಿಸಿ ಹಿಡಿ. ನರ ಹುಡುಕೂದು ನನಗ ಹೊಸದಲ್ಲ."

ಸೀಳಿನ ಎರಡು ದಂಡೆಗಳನ್ನು ನಾನು ಸಣ್ಣ ಬೆಣೆ ಹಾಕಿ ಅಗಲಿಸಿ ಹಿಡಿದೆ. ಸಿಸ್ಟರಮ್ಮ ಕನ್ನಡಕ ಏರಿಸಿ ಬಾಗಿ, ಒಂದೊಂದು ಬೆರಳಗಲಕ್ಕೆ ಒಂದು ಸಲ ಸೂಜಿ ಇಳಿಸಿ ಅಂಟು ಬಿಡುತ್ತ ಹೋದರು. ತೊಗರಿ ಹೂವಿನ ಬುಡದಲ್ಲಿ ಒಂದು ಹನಿ ಹಿಂದಿನಿಂದ ಒಸರಿ ಬಂತು. "ದಾಟಿತು," ಎಂದರು. ಹಾರಿದ್ದ ಚಕ್ಕೆಗಳನ್ನು ಒಂದೊಂದಾಗಿ ಅವುಗಳ ಜಾಗದಲ್ಲಿ ಕೂಡಿಸಿ, ಕ್ಲಾಂಪ್ ಬಿಗಿದು, ಒಸರಿದ ಅಂಟನ್ನು ಒದ್ದೆ ಅರಿವೆಯಿಂದ ಒರೆಸಿದೆವು. ಮಳೆಯ ತಂಪಿಗೆ ಅಂಟು ಬೇಗ ಹಿಡಿಯುವುದಿಲ್ಲ. ಎರಡು ದಿನ ಕದದ ಹತ್ತಿರ ಯಾರೂ ಸುಳಿಯಬಾರದು ಎಂದು ಸಿಸ್ಟರಮ್ಮ ಹುಕುಂ ಮಾಡಿದರು. ಮನೆಯೊಳಗೆ ಅಪ್ಪ, ಶೆಡ್ಡಿನಲ್ಲಿ ಕದ, ಇಬ್ಬರು ರೋಗಿಗಳಿಗೆ ಒಬ್ಬ ನರ್ಸು.

ಉಳಿದದ್ದು ಮೂಲೆ. ಹಾಳಾದ ಭಾಗವನ್ನು ಓರೆಯಾಗಿ ಸ್ವಚ್ಛ ಕತ್ತರಿಸಿ, ಎಳೆಗೆ ಎಳೆ ಹೊಂದುವಂತೆ ತುಂಡು ತಯಾರಿಸಿದೆ. ಅಂಟಿಲ್ಲದೆ ಇಟ್ಟು ನೋಡಿದರೆ ಒಂದು ಕಡೆ ಉಗುರು ಹೋಗುವಷ್ಟು ಸಂದು. ಅಂಟಿಗೆ ಪುಡಿ ಕಲಸಿ ತುಂಬಿದರೆ ಮುಚ್ಚುತ್ತಿತ್ತು. ಕೈ ಆ ಕಡೆ ಹೋಯಿತು ಕೂಡ. ಆದರೆ ಹಣಮಂತನ ಲಾಂಬಿಗೂ ಇದಕ್ಕೂ ಏನು ಫರಕು ಎನಿಸಿ ಆ ತುಂಡನ್ನು ಬಿಸಾಕಿದೆ. ಹಲಗೆಯಲ್ಲಿ ಉಳಿದದ್ದು ಇನ್ನೊಂದೇ ತುಂಡಿಗೆ ಆಗುವಷ್ಟು ಮಾತ್ರ.

ಖೋಲಿಯ ಬಾಗಿಲಲ್ಲಿ ನಿಂತು, "ಅಪ್ಪ, ಕೂಡವಲ್ದು" ಎಂದೆ.

"ಉಳಿ ಮಸದೀಯೇನು?"

"ಮಸದೇನಿ."

"ಮತ್ತ ಮಸಿ," ಎಂದು ಅಪ್ಪ ಮಗ್ಗುಲು ಬದಲಿಸಿದರು.

ಮತ್ತೆ ಮಸೆದೆ. ಮುಂಗೈ ಮೇಲಿನ ಕೂದಲು ಬೋಳಿಸುವಷ್ಟು ಮಸೆದೆ. ಆಮೇಲೆ ಅವ್ವನ ಕಾಡಿಗೆ ಡಬ್ಬಿ ತಂದು, ಕದದ ಕತ್ತರಿಸಿದ ಜಾಗಕ್ಕೆ ತೆಳ್ಳಗೆ ಸವರಿದೆ. ತುಂಡನ್ನು ಅದಕ್ಕೆ ಒತ್ತಿ ತೆಗೆದರೆ, ಎಲ್ಲಿ ಉಬ್ಬಿದೆಯೋ ಅಲ್ಲಿ ಮಾತ್ರ ಕರಿ ಹತ್ತುತ್ತದೆ. ಆ ಕರಿ ಹತ್ತಿದಷ್ಟನ್ನೇ ಕೆರೆಯುವುದು. ಮತ್ತೆ ಒತ್ತುವುದು, ಮತ್ತೆ ಕೆರೆಯುವುದು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅದೊಂದೇ ಕೆಲಸ. ಅವ್ವ ರೊಟ್ಟಿ ಮುರಿದು ನನ್ನ ಬಾಯಿಗೆ ಇಟ್ಟುಹೋದಳು. ಕೊನೆಗೊಮ್ಮೆ ಒತ್ತಿ ತೆಗೆದಾಗ ತುಂಡಿನ ಮೈತುಂಬ ಒಂದೇ ಸಮ ಕರಿ ಹತ್ತಿತ್ತು. ಎರಡೂ ಮೈಗಳ ಕಾಡಿಗೆಯನ್ನು ತೆಳ್ಳಗೆ ಕೆರೆದು ತೆಗೆದು, ಅಂಟು ಹಚ್ಚಿ ಬಿಗಿದು, ಉಸಿರು ಬಿಟ್ಟೆ.

ಆರನೆಯ ದಿನ ಕ್ಲಾಂಪ್ ಬಿಚ್ಚಿದೆ. ರಂದಾ ತೆಳ್ಳಗೆ ಆಡಿಸಿದೆ, ಪಾಲಿಶ್ ಕಾಗದದಿಂದ ಉಜ್ಜಿದೆ, ಬರೀ ಎಣ್ಣೆಯ ತಿಳಿ ಪಾಲಿಶ್ ಎಳೆದೆ. ಮುಚ್ಚುವ ಕರಿ ಬಣ್ಣ ಬೇಡವೇ ಬೇಡ ಎಂದು ಹಟ ಹಿಡಿದಿದ್ದೆ. ಎಣ್ಣೆ ಬಿದ್ದೊಡನೆ ಕದದ ಎಳೆಗಳೆಲ್ಲ ಎದ್ದು ಕಂಡವು. ಮೂಲೆಯ ಎಳೆ ಹೊಸ ತುಂಡನ್ನು ಹೊಕ್ಕು, ಎಲ್ಲಿಯೂ ತಡವರಿಸದೆ ಮೇಲಕ್ಕೆ ಹರಿದಿತ್ತು. ನಾನೇ ಎರಡು ಸಲ ಜಾಗ ತಪ್ಪಿದೆ.

ಶೆಡ್ಡನ್ನು ನೀರು ಹಾಕಿ ತೊಳೆದು, ಧೂಳು ಇಲ್ಲದಂತೆ ಮಾಡಿ, ಸಿಸ್ಟರಮ್ಮ ಅಪ್ಪನ ಕೈ ಹಿಡಿದು ಕರೆತಂದರು. ಎರಡೂ ಕದ ಗೋಡೆಗೆ ಒರಗಿದ್ದವು. ಯಾವುದು ಬಿದ್ದದ್ದು ಎಂದು ಅಪ್ಪನಿಗೆ ಯಾರೂ ಹೇಳಿರಲಿಲ್ಲ. ಅಪ್ಪ ಕರಿ ಕನ್ನಡಕ ತೆಗೆಯಲಿಲ್ಲ. ಎರಡೂ ಅಂಗೈ ಕದದ ಮೇಲಿಟ್ಟು, ಎತ್ತಿನ ಮೈ ಸವರುವ ಹಾಗೆ ಮೇಲಿಂದ ಕೆಳಗೆ ಸವರುತ್ತ ಬಂದರು. ತೊಗರಿ ಗೊಂಚಲು ಮುಟ್ಟಿದರು. ಕುಕ್ಕರಗಾಲಲ್ಲಿ ಕೂತು ನಾಲ್ಕೂ ಮೂಲೆಗಳಿಗೆ ಹೆಬ್ಬೆರಳು ಒತ್ತಿದರು. ಒಂದು ಕಡೆ ಅವರ ಬೆರಳು ನಿಂತಿತು, ಹಿಂದೆ ಬಂತು, ಮತ್ತೆ ನಿಂತಿತು.

"ಇಲ್ಲಿ. ಇಲ್ಲಿ ತೇಪಿ ಹಾಕೀದಿ. ಭಾಳ ಚಲೋ ಹಾಕೀದಿ, ಆದ್ರ ಗೊತ್ತಾಗ್ತದ."

ಅದು ಎಡಗದ. ಬೀಳದೇ ಇದ್ದದ್ದು. ಅಪ್ಪನ ಬೆರಳಿಗೆ ಸಿಕ್ಕಿದ್ದು ಮರಕ್ಕೆ ಹುಟ್ಟಿನಿಂದ ಇದ್ದ ಗಂಟು.

ಸಿಸ್ಟರಮ್ಮ ಎರಡೂ ಕೈ ಮೇಲೆತ್ತಿ, "ಮೋನಪ್ಪಣ್ಣಾ, ಸೋತಿ ಬಿಡೋ!" ಎಂದು ಕೂಗಿದರು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ಅಪ್ಪನಿಗೆ ಸ್ವಲ್ಪ ಹೊತ್ತು ತಿಳಿಯಲಿಲ್ಲ. ತಿಳಿದ ಮೇಲೆ ಕನ್ನಡಕದ ಕೆಳಗಿಂದ ನೀರು ಇಳಿಯಿತು. "ಕಣ್ಣಿಗಿ ನೀರು ಬರಬಾರದು ಅಂದಾರ ಡಾಕ್ಟರು," ಎಂದು ಸಿಸ್ಟರಮ್ಮ ಗದರಿದರು. ಅವರ ಕಣ್ಣಲ್ಲೂ ಇತ್ತು.

ಮನೆಶಾಂತಿಯ ಹಿಂದಿನ ದಿನ ಕದಗಳು ಟ್ರ್ಯಾಕ್ಟರಿನಲ್ಲಿ ಹಾಸಿಗೆ ಹಾಸಿಕೊಂಡು ಇಜೇರಿಗೆ ಹೋದವು. ಹೊಸ್ತಿಲಿಗೂ ಕದಕ್ಕೂ ನಡುವೆ ಬಿಟ್ಟ ಸಂದು ಇಷ್ಟೂ ಹೆಚ್ಚಲ್ಲ, ಇಷ್ಟೂ ಕಡಿಮೆಯಲ್ಲ. ಒಂದು ಬೆರಳಿನಿಂದ ದೂಡಿದರೆ ಸದ್ದಿಲ್ಲದೆ ಹೋಗಿ ಕೂಡುತ್ತಿತ್ತು.

ಮರುದಿನ ಬೆಳಗಿಗೆ ಮಳೆ ಹೊಳವಾಗಿ ಬಿಸಿಲು ಬಿದ್ದಿತ್ತು. ಬಂದವರೆಲ್ಲ ಬಾಗಿಲ ಮುಂದೆ ನಿಂತು ತೊಗರಿ ಗೊಂಚಲು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಸಿಸ್ಟರಮ್ಮ ಮುಚ್ಚಿಡಬಹುದಿತ್ತು. ಮುಚ್ಚಿಡಲಿಲ್ಲ. ಹೊಸ ಇಳಕಲ್ ಸೀರೆಯುಟ್ಟು ಹೊಸ್ತಿಲ ಮೇಲೆ ನಿಂತು, ಊರಿಗೆಲ್ಲ ಕೇಳುವ ಹಾಗೆ ಹೇಳಿದರು: "ಈ ಜೋಡಿ ಕದದಾಗ ಒಂದು ಬಿದ್ದು ಸೀಳಿತ್ತು, ಮೂಲಿ ಮುರದಿತ್ತು. ಎಲ್ಲಿ ಅಂತ ಯಾರರ ತೋರಿಸ್ರಿ ನೋಡೋಣು!"

ಜನ ಮುಗಿಬಿದ್ದರು. ಕೆಲವರು ಉಗುರಿನಿಂದ ಕೆರೆದು ನೋಡಿದರು, ಕೆಲವರು ಬೆರಳು ಮಡಿಚಿ ಬಡಿದು ಕಿವಿಗೊಟ್ಟರು. ಯಾರೋ ಗಂಟು ತೋರಿಸಿ ಅಪ್ಪನ ಪಂಗಡಕ್ಕೆ ಸೇರಿದರು. ಎಲ್ಲ ಬಲ್ಲ ಹಣಮಂತ ಮಾತ್ರ ಅವಸರ ಮಾಡಲಿಲ್ಲ. ಬಿಳಿ ಅಂಗಿ ಕೊಳೆಯಾಗುವುದನ್ನೂ ಲೆಕ್ಕಿಸದೆ ನೆಲಕ್ಕೆ ಅಂಗಾತ ಮಲಗಿ, ಮೊಬೈಲಿನ ಟಾರ್ಚ್ ಹಚ್ಚಿ, ಕದದ ಅಡಿಯಂಚನ್ನೂ ನೋಡಿದ. ಎದ್ದು ಕೂತ. ಮತ್ತೆ ಮಲಗಿ ನೋಡಿದ. ಬಹಳ ಹೊತ್ತಿನ ಮೇಲೆ ಎದ್ದು ಬೆನ್ನು ಝಾಡಿಸಿಕೊಂಡ.

"ಇಲ್ಲ. ಸಿಗಂಗಿಲ್ಲ ಇದು," ಎಂದ. ಆಮೇಲೆ ಕಟ್ಟೆಯ ಮೇಲೆ ಕೂತಿದ್ದ ಅಪ್ಪನ ಹತ್ತಿರ ಹೋದ. "ಮೋನಪ್ಪ ಕಾಕಾ, ನಂದು ಜೇವರ್ಗಿಯಾಗ ಇನ್ನ ಎರಡು ಮನಿ ನಡದಾವ. ಬಾಗಲಾ ಯಾವಾಗ ಮಾಡಿಕೊಡ್ತೀರಿ?"

ಅಪ್ಪ ಕರಿ ಕನ್ನಡಕದ ಮುಖವನ್ನು ಅವನ ಕಡೆ ಎತ್ತಿದರು. "ನನ್ನ ಯಾಕ ಕೇಳ್ತಿ? ನಾ ಕಣ್ಣಿಲ್ಲದಂವ. ಬಡಿಗೇರಾಕಿ ಅಲ್ಲಿ ನಿಂತಾಳ, ಕೇಳು."

ಹಣಮಂತ ನನ್ನ ಕಡೆ ತಿರುಗಿ, ಮೊದಲ ಸಲ ನನಗೆ ರೀ ಹಚ್ಚಿದ. "ಮಾಡಿಕೊಡ್ತೀರೇನ್ರಿ? ಅಳತಿ ಬರದು ಕಳಸಲೇನು?"

"ಬರದು ಕಳಸಬ್ಯಾಡ್ರಿ," ಎಂದೆ. "ಸೋಮವಾರ ಮುಂಜಾನಿ ನಾನ ಬಂದು ಅಳತಿ ತಗೋತೇನಿ."